ರೇಡಿಯೊದಲ್ಲಿ ಕುಣಿದ ಹುಡುಗಿ

ತಟ್ಟೆಗಳು ಬಂದದ್ದು ಸೇಬು ತುಂಬುವ ರಟ್ಟಿನ ಪೆಟ್ಟಿಗೆಯಲ್ಲಿ, ಒಂದರ ಮೇಲೊಂದು ಮಲಗಿಕೊಂಡು. ಗ್ರಾಮಫೋನ್ ತಟ್ಟೆಗಳನ್ನು ಪುಸ್ತಕದ ಹಾಗೆ ನಿಲ್ಲಿಸಿಡಬೇಕು. ಮಲಗಿಸಿದರೆ ಮೇಲಿನವುಗಳ ಭಾರಕ್ಕೆ ಕೆಳಗಿನವು ಬಿರುಕು ಬಿಡುತ್ತವೆ. ತಂದುಕೊಟ್ಟ ದಂಪತಿಗೆ ನಾನು ಇದನ್ನು ಹೇಳಿಯೂ ಹೇಳಿದೆ, ಸ್ವಲ್ಪ ಬಿಗಿಯಾಗಿಯೇ. ಮನೆ ಬದಲಿಸಿದಾಗಲೆಲ್ಲ ಎಸೆಯದೆ ಆ ಪೆಟ್ಟಿಗೆಯನ್ನು ಹೊತ್ತು ತಿರುಗಿದವರು ಅವರು. ಪಾಪ, ಇಬ್ಬರೂ ನನ್ನ ಹತ್ತಿರ ಕ್ಷಮೆ ಕೇಳಿ ಹೋದರು.

ಪಾಮರ್ಸ್ಟನ್ ನಾರ್ತ್ ಎಂಬ ಪರದೇಶದ ಊರಿನ ಒಂದು ಸಣ್ಣ ಧ್ವನಿ ಸಂಗ್ರಹದಲ್ಲಿ ನಾನು ಆಗ ಕೆಲಸಕ್ಕಿದ್ದೆ. ಹಳೆಯ ಟೇಪು, ತಟ್ಟೆಗಳಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿ, ಗರಗರ ತೆಗೆದು, ಕೇಳುವಂತೆ ಮಾಡುವುದು ನನ್ನ ಕೆಲಸ. ಈ ಪೆಟ್ಟಿಗೆಯಲ್ಲಿದ್ದದ್ದು ಊರಿಗೆ ರೇಡಿಯೊ ಬಂದ ಹೊಸತರಲ್ಲಿ ಇಲ್ಲಿಯದೇ ಪುಟ್ಟ ಕೇಂದ್ರವೊಂದು ಪ್ರಸಾರ ಮಾಡಿದ್ದ ಹಾಡು-ಹಾಸ್ಯದ ಕಾರ್ಯಕ್ರಮ. ಸಭಾಂಗಣದಲ್ಲಿ ಜನರನ್ನು ಕೂರಿಸಿ, ಬ್ಯಾಂಡು ಬಾರಿಸಿ, ನಡುನಡುವೆ ಪ್ರಹಸನ ಸೇರಿಸಿ ಆಡಿದ್ದು. ಹಾಡಿದವರಲ್ಲಿ ಮಾಂಸದಂಗಡಿಯವನಿದ್ದ, ಶಾಲೆಯ ಮೇಷ್ಟರಿದ್ದರು, ಬ್ಯಾಂಕಿನ ಗುಮಾಸ್ತನಿದ್ದ. ಮೇಯರನ್ನು, ಹವಾಮಾನ ವರದಿಯನ್ನು, ಕುರಿಗಳನ್ನು, ಯಾರನ್ನೂ ಬಿಡದೆ ಗೇಲಿ ಮಾಡಿದ್ದರು. ಕೇಂದ್ರದ ಟೆಕ್ನಿಷಿಯನ್ ಒಬ್ಬ ಅದನ್ನೆಲ್ಲ ತಟ್ಟೆಗಳ ಮೇಲೆ ಕೊರೆದಿಟ್ಟಿದ್ದ. ಪೆಟ್ಟಿಗೆ ತಂದವಳು ಅವನ ಮೊಮ್ಮಗಳು.

ನಮ್ಮ ಮ್ಯಾನೇಜರ್ ಇಲ್ಲಿಯ ಹೆಂಗಸು, ಏನನ್ನೂ ಎರಡು ಸಲ ಹೇಳುವವರಲ್ಲ. ಕೆಲಸ ಒಪ್ಪಿಸುವಾಗ ಒಂದು ಮಾತು ಹೇಳಿದ್ದರು. ಅಂದು ಆಡಿದವರಲ್ಲಿ ಒಬ್ಬರು ಇನ್ನೂ ಬದುಕಿದ್ದಾರೆ, ಊರಿನ ವೃದ್ಧಾಶ್ರಮದಲ್ಲಿದ್ದಾರೆ, ಆಗ ಹನ್ನೆರಡರ ಹುಡುಗಿ, ಈಗ ತೊಂಬತ್ತರ ಹತ್ತಿರ. ಪ್ರಸಾರವಾದಾಗ ವೇದಿಕೆಯ ಮೇಲಿದ್ದರು, ಆಮೇಲೆ ಅದು ಮತ್ತೆ ಬರಲಿಲ್ಲ. ತನ್ನನ್ನು ತಾನು ಒಂದು ಸಲ ಕೇಳಿಸಿಕೊಳ್ಳಬೇಕು ಎಂದು ಅವರ ಆಸೆ. ಅವರಿಗಾಗಿ ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಕೂತು ಕೇಳುವ ಏರ್ಪಾಡಾಗಿತ್ತು.

ಆ ಹುಡುಗಿ ಏನು ಮಾಡಿದ್ದಳು ಎಂದು ನಾನು ಕೇಳಲಿಲ್ಲ. ಗುಂಪಿನ ಹಾಡುಗಳಲ್ಲಿ ಮಕ್ಕಳ ಧ್ವನಿ ಇತ್ತು. ಅದರಲ್ಲಿ ಒಬ್ಬಳಿರಬೇಕು ಅಂದುಕೊಂಡೆ.

ಈ ತಟ್ಟೆಗಳು ಅಂಗಡಿಯಲ್ಲಿ ಮಾರುತ್ತಿದ್ದಂಥವಲ್ಲ. ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕಪ್ಪು ಲೇಪ ಹಚ್ಚಿ, ನಡೆಯುತ್ತಿರುವ ಕಾರ್ಯಕ್ರಮವನ್ನು ಅಲ್ಲೇ ಕೊರೆಯುತ್ತಿದ್ದರು. ಲೇಪ ಮೆತ್ತಗಿರಲೆಂದು ಅದಕ್ಕೆ ಹರಳೆಣ್ಣೆ ಬೆರೆಸುತ್ತಿದ್ದರು. ವರ್ಷ ಕಳೆದಂತೆ ಎಣ್ಣೆಯ ಅಂಶ ಬಿಳಿ ಪುಡಿಯಾಗಿ ಮೇಲೆ ಬರುತ್ತದೆ. ಎಣ್ಣೆ ಕಳೆದುಕೊಂಡ ಲೇಪ ಒಣಗಿ, ಕುಗ್ಗಿ, ಬಿರಿದು, ಕೊನೆಗೆ ಹಳೆ ಗೋಡೆಯ ಸುಣ್ಣದಂತೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಆ ಪುಡಿಯನ್ನು ದ್ರಾವಣದಲ್ಲಿ ಮೆತ್ತನೆಯ ಬ್ರಶ್ಶಿನಿಂದ ತೊಳೆಯಬೇಕು, ಬಿರುಕಿನೊಳಗೆ ನೀರು ಇಳಿಯದಂತೆ ಕೂಡಲೇ ಒರೆಸಬೇಕು. ಆಮೇಲೆ ಬೇರೆ ಬೇರೆ ಗಾತ್ರದ ಮುಳ್ಳುಗಳನ್ನು ಇಟ್ಟು ನೋಡಿ, ಗೀರಿನಲ್ಲಿ ಸವೆಯದೆ ಉಳಿದ ಜಾಗಕ್ಕೆ ಯಾವುದು ಕೂರುತ್ತದೋ ಅದನ್ನು ಆರಿಸಬೇಕು. ಹೀಗೆ ಸಿದ್ಧವಾದ ತಟ್ಟೆಯನ್ನು ಒಂದೇ ಸಲ ನುಡಿಸುವುದು. ಎರಡನೆಯ ಸಲಕ್ಕೆ ಅದು ಉಳಿದಿರುತ್ತದೆ ಎಂಬ ಭರವಸೆ ಇಲ್ಲ.

ಈ ಕೆಲಸಕ್ಕೆ ಒಂದೇ ಒಂದು ಕಟ್ಟಳೆ. ತಟ್ಟೆಯಲ್ಲಿ ಇರುವುದನ್ನು ಮೊದಲು ಇದ್ದ ಹಾಗೆಯೇ, ಗರಗರ ಸಮೇತ ಇಳಿಸಿಕೊಳ್ಳಬೇಕು. ಶುದ್ಧಿ ಮಾಡುವುದೆಲ್ಲ ಅದರ ಪ್ರತಿಯ ಮೇಲೆ. ಇದನ್ನು ನಾನೇ ಇತರರಿಗೆ ಕಲಿಸುತ್ತಿದ್ದೆ.

ಮೊದಲ ತಟ್ಟೆಗಳು ಚೆನ್ನಾಗಿಯೇ ಆದವು. ಕಡೆಯ ಎರಡು, ಪೆಟ್ಟಿಗೆಯ ತಳದಲ್ಲಿದ್ದವು, ಬಿರುಕು ಬಿಟ್ಟಿದ್ದವು. ಒಂದೊಂದು ಬಿರುಕಿನ ಮೇಲೆ ಮುಳ್ಳು ಹಾದಾಗಲೂ 'ಟಕ್' ಎಂಬ ಏಟು ಬಿದ್ದು ಮೀಟರಿನ ಮುಳ್ಳು ಕೆಂಪಿಗೆ ಹಾರುತ್ತಿತ್ತು. ಭಾನುವಾರ ಹತ್ತಿರ ಬಂದಿತ್ತು. ನಮ್ಮಲ್ಲಿ ಒಂದು ಯಂತ್ರವಿತ್ತು. ಗ್ರಾಮಫೋನಿಗೂ ಕಂಪ್ಯೂಟರಿಗೂ ನಡುವೆ ಇಟ್ಟರೆ, ಟಕಟಕ ಸದ್ದನ್ನು ಹಾದಿಯಲ್ಲೇ ನುಂಗಿಬಿಡುತ್ತದೆ. ಸುಮ್ಮನೆ ಕೇಳಿಸಲು ಬೇಕಾದ ಪ್ರತಿಗಳಿಗೆಂದು ಇಟ್ಟಿದ್ದದ್ದು. ಅದನ್ನು ನಡುವೆ ಸಿಕ್ಕಿಸಿದೆ. ಹೇಗೂ ಆಮೇಲೆ ತೆಗೆಯುವುದೇ ತಾನೆ, ಈಗಲೇ ಹೋಗಲಿ ಅಂದುಕೊಂಡೆ. ಈ ದೇಶಕ್ಕೆ ಬರುವ ಮೊದಲು ಬೆಂಗಳೂರಿನಲ್ಲಿ ಭಕ್ತಿಗೀತೆಯ ಕ್ಯಾಸೆಟ್‌ಗಳ ಧ್ವನಿಯನ್ನು ತೊಳೆದು ಹೊಳಪು ಕೊಟ್ಟ ಕೈ ನನ್ನದು. ಸದ್ದು ಕಂಡರೆ ಒರೆಸು ಎಂಬುದು ಬೆರಳಿಗೇ ಅಂಟಿತ್ತು.

ಕಡೆಯ ತಟ್ಟೆಯ ಒಂದು ಬದಿ ವಿಚಿತ್ರವಾಗಿತ್ತು. ಅದನ್ನು ಒಳಗಿನಿಂದ ಹೊರಕ್ಕೆ ಕೊರೆದಿದ್ದರು. ಆಗ ಹಾಗೂ ಮಾಡುತ್ತಿದ್ದರು. ನಿರೂಪಕ, ಹುಡುಗಿಯೊಬ್ಬಳನ್ನು 'ಪುಟಾಣಿ ಮಿಸ್' ಎಂದು ಮನೆತನದ ಹೆಸರಿನಿಂದ ಕರೆದು, ಈಗ ಈಕೆ ನಿಮಗಾಗಿ ನೃತ್ಯ ಮಾಡುತ್ತಾಳೆ ಎಂದ. ಸಭೆ ನಕ್ಕಿತು. ಬ್ಯಾಂಡು ಶುರುವಾಯಿತು. ಅದೇ ಹೊತ್ತಿಗೆ ಟಕಟಕ ಸದ್ದು ಹೆಚ್ಚಾಯಿತು. ಎಂಥ ದರಿದ್ರ ಬದಿ ಎಂದು ಬೈದುಕೊಂಡು ಯಂತ್ರದ ಗುಂಡಿಯನ್ನು ಇನ್ನಷ್ಟು ತಿರುಗಿಸಿದೆ. ಸದ್ದು ಹೋಯಿತು. ಬ್ಯಾಂಡು ಸ್ವಚ್ಛವಾಗಿ ನುಡಿದು ನಿಂತಿತು, ಸಭೆ ಜೋರಾಗಿ ಚಪ್ಪಾಳೆ ತಟ್ಟಿತು.

ನನಗೆ ನಗು ಬಂತು. ರೇಡಿಯೊದಲ್ಲಿ ನೃತ್ಯ ಎಂದು ಘೋಷಿಸಿ, ಬರಿ ಬ್ಯಾಂಡು ಬಾರಿಸಿ, ಕಾಣದ ಕುಣಿತಕ್ಕೆ ಚಪ್ಪಾಳೆ ತಟ್ಟುವುದು. ಇಡೀ ಕಾರ್ಯಕ್ರಮದಲ್ಲಿ ಇದಕ್ಕಿಂತ ಜಾಣ ಹಾಸ್ಯವಿಲ್ಲ ಅನ್ನಿಸಿತು. ಮೈಸೂರಿನಲ್ಲಿ ಬೆಳೆದವನಾದರೂ ನನ್ನ ಅಮ್ಮ ಕುಂದಾಪುರದ ಕಡೆಯವರು. ರೇಡಿಯೊದಲ್ಲಿ ತಾಳಮದ್ದಳೆ ಬಂದರೆ ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಯಕ್ಷಗಾನದಲ್ಲಿ ಕುಣಿತ, ವೇಷ ಬಿಟ್ಟರೆ ಉಳಿಯುವ ಹಾಡು ಮಾತು ಅದು. ಕಣ್ಣಿಗೆ ಬೇಕಾದದ್ದನ್ನು ಬಿಟ್ಟು ಕಿವಿಗೆ ಬೇಕಾದದ್ದನ್ನು ಕೊಡುವುದು ರೇಡಿಯೊ ಎಂದು ನಾನು ಅಲ್ಲೇ ಕಲಿತದ್ದು. ರೇಡಿಯೊದಲ್ಲಿ ಯಾರಾದರೂ ನಿಜವಾಗಿ ಕುಣಿಯುತ್ತಾರೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಭಾನುವಾರ ಸಭಾಂಗಣ ತುಂಬಿತ್ತು. ಚಹಾ, ಬನ್ನಿನಂಥ ಸ್ಕೋನು, ಉಣ್ಣೆಯ ಕೋಟು ತೊಟ್ಟ ಹಿರಿಯರು. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಆ ಅಜ್ಜಿ, ಪಕ್ಕದಲ್ಲಿ ಅವರ ಮಗಳು. ಕೂದಲು ಸೆಟ್ ಮಾಡಿಸಿಕೊಂಡು ಬಂದಿದ್ದರು. ಇಲ್ಲಿ ತೊಂಬತ್ತರವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ನನಗೆ ನಾಲಿಗೆ ಹೊರಳುವುದಿಲ್ಲ. ಆಂಟಿ ಎಂದೆ. ಅವರಿಗೆ ಅದು ಹಿಡಿಸಿತು.

ಒಂದೊಂದು ಭಾಗ ಕೇಳಿಸುವ ಮೊದಲು ನಾನು ಎರಡು ಮಾತು ಹೇಳುತ್ತಿದ್ದೆ. ಕಡೆಯ ಭಾಗ ಬಂದಾಗ ನನಗೆ ಉತ್ಸಾಹ ತಡೆಯಲಿಲ್ಲ. ಈಗ ಬರುವುದು ಇಡೀ ಕಾರ್ಯಕ್ರಮದ ಅತ್ಯುತ್ತಮ ಹಾಸ್ಯ ಎಂದೆ. ಹುಡುಗಿ ಕುಣಿಯುತ್ತಾಳೆ ಎನ್ನುತ್ತಾರೆ, ಆದರೆ ಹುಡುಗಿಯೇ ಇಲ್ಲ, ಅದೇ ತಮಾಷೆ, ಸರಿಯಾಗಿ ಕೇಳಿ ಎಂದೆ. ಹೇಳಿಕೊಟ್ಟಂತೆ ಎಲ್ಲರೂ ಕೇಳಿದರು. ಬ್ಯಾಂಡು ನುಡಿಯುತ್ತಿದ್ದಂತೆ ಒಬ್ಬೊಬ್ಬರೇ ನಗತೊಡಗಿದರು. ಹಿಂದಿನ ಸಾಲಿನಲ್ಲಿ ಯಾರೋ ಕಾಲು ಕುಣಿಸಿ ಅಣಕಿಸಿದರು. ಕಡೆಯ ಚಪ್ಪಾಳೆಗೆ ಇಡೀ ಸಭಾಂಗಣ ಹೋ ಎಂದು ನಕ್ಕಿತು. ನಾನೂ ನಕ್ಕೆ.

ಅಜ್ಜಿ ನಗಲಿಲ್ಲ. ಕೊರಳು ಮುಂದೆ ಚಾಚಿ ಸ್ಪೀಕರನ್ನೇ ನೋಡುತ್ತಿದ್ದರು. ಚಪ್ಪಾಳೆ ಮುಗಿದ ಮೇಲೂ ಹಾಗೇ ನೋಡುತ್ತಿದ್ದರು.

ಜನ ಚಹಾಕ್ಕೆ ಎದ್ದಾಗ ಮಗಳು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಮ್ಮ ಕೇಳ್ತಿದ್ದಾರೆ, ಅವರ ಕಾಲು ಎಲ್ಲಿ ಹೋಯ್ತು ಅಂತ."

ಆಮೇಲೆ ತಿಳಿದದ್ದು ಇಷ್ಟು. ಆ ಪುಟಾಣಿ ಮಿಸ್ ಈ ಅಜ್ಜಿಯೇ. ಅದು ಟ್ಯಾಪ್ ಡಾನ್ಸ್. ಅಟ್ಟೆಗೆ ಲೋಹದ ಬಿಲ್ಲೆ ಹೊಡೆದ ಶೂ ತೊಟ್ಟು, ಹಲಗೆಯ ಮೇಲೆ ಕಾಲಿನಿಂದಲೇ ತಾಳ ನುಡಿಸುವ ಕುಣಿತ. ಕಿವಿಗೆಂದೇ ಇರುವ ಕುಣಿತ. ಆಗಿನ ರೇಡಿಯೊದವರಿಗೆ ಅದೆಂದರೆ ಬಹಳ ಇಷ್ಟವಂತೆ. ಗಾಲಿಕುರ್ಚಿಯ ಮುಂದೆ ನಿಂತಾಗ ನನಗೆ ಎಲ್ಲ ಹೊಳೆದಿತ್ತು. ಗುಂಡಿ ತಿರುಗಿಸಿದ ನನ್ನ ಕೈ ಕಣ್ಣಿಗೆ ಕಟ್ಟಿತು. ಹಾಗಿದ್ದೂ ನನ್ನ ಬಾಯಿಂದ ಬಂದ ಮಾತು ಬೇರೆ. ಆಗಿನ ಮೈಕು ಅಷ್ಟಕ್ಕಷ್ಟೆ, ಆ ಟೆಕ್ನಿಷಿಯನ್ ಅದನ್ನು ದೂರ ಇಟ್ಟಿರಬೇಕು, ಕಾಲಿನ ಸದ್ದು ಸಿಕ್ಕಿಲ್ಲ ಎಂದುಬಿಟ್ಟೆ.

ಅಜ್ಜಿ ಸ್ವಲ್ಪ ಯೋಚಿಸಿದರು. ಅವನು ಒಂದು ಬಾಗಿಲನ್ನು ಕಳಚಿ ತಂದು ನೆಲಕ್ಕೆ ಹಾಸಿದ್ದನಂತೆ. ಮೈಕು ಕೈಯಲ್ಲಿ ಹಿಡಿದು, ಇವರ ಕಣಕಾಲಿನ ಪಕ್ಕದಲ್ಲಿ ಹೊಟ್ಟೆಯ ಮೇಲೆ ಮಲಗಿದ್ದನಂತೆ. ಅದನ್ನು ಕಂಡೇ ಸಭೆ ನಕ್ಕದ್ದು.

"ಆದರೂ ಸರಿಯಾಗಿ ಹಿಡಿದಿರಲಿಲ್ಲವೇನೋ" ಎಂದರು ಅಜ್ಜಿ. "ಒಳ್ಳೆಯವನು, ಪಾಪ."

ಅವನ ಮೊಮ್ಮಗಳು ಮೂರನೆಯ ಸಾಲಿನಲ್ಲಿ ಚಹಾ ಹಿಡಿದು ನಿಂತಿದ್ದಳು, ಇದನ್ನು ಕೇಳಿಸಿಕೊಂಡಳು. ಸತ್ತವನ ತಲೆಗೆ ನನ್ನ ತಪ್ಪು ಕಟ್ಟಿ ನಾನು ಲೋಟಗಳನ್ನು ಎತ್ತಿಡಲು ಹೋದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ತಟ್ಟೆ ತೆಗೆದೆ. ನನ್ನ ಆಸೆಯೆಲ್ಲ ಅದರ ಮೇಲಿತ್ತು. ಇನ್ನೊಮ್ಮೆ ನುಡಿಸಿ ಇದ್ದ ಹಾಗೆ ಇಳಿಸಿಕೊಂಡರೆ ಎಲ್ಲ ಸರಿಹೋಗುತ್ತದೆ, ಯಾರಿಗೂ ಗೊತ್ತಾಗುವುದೂ ಇಲ್ಲ. ಕವರಿನಿಂದ ಎಳೆಯುವಾಗಲೇ ಕಪ್ಪು ಚಕ್ಕೆಗಳು ಮೇಜಿನ ಮೇಲೆ ಉದುರಿದವು. ಅವಸರದಲ್ಲಿ ತೊಳೆದು ಅರೆಬರೆ ಒರೆಸಿದ್ದೆ. ಬಿರುಕಿಗೆ ಇಳಿದ ನೀರು ಲೇಪವನ್ನು ಅಡಿಯಿಂದ ಎಬ್ಬಿಸಿತ್ತು. ಹೊರ ಅಂಚಿನಿಂದ ನಡುವಿನ ಹತ್ತಿರದವರೆಗೂ ಅಲ್ಯೂಮಿನಿಯಂ ಬೆಳ್ಳಗೆ ಕಾಣುತ್ತಿತ್ತು. ಲೇಬಲ್ಲಿನ ಸುತ್ತಲ ಒಂದು ಪಟ್ಟಿ ಮಾತ್ರ ಗಟ್ಟಿಯಾಗಿತ್ತು. ಆ ಬದಿಯನ್ನು ಒಳಗಿನಿಂದ ಕೊರೆದಿದ್ದರಿಂದ ಕುಣಿತದ ಶುರು ಇದ್ದದ್ದು ಅಲ್ಲೇ. ಯಂತ್ರವನ್ನು ಕಿತ್ತು ಬದಿಗಿಟ್ಟು ಮುಳ್ಳು ಇಳಿಸಿದೆ.

ನಿರೂಪಕನ ಮಾತು, ನಗು, ಬ್ಯಾಂಡು. ಆಮೇಲೆ ಕಾಲು. ಕೆಲವೇ ಸೆಕೆಂಡು. ಬಿರುಕಿನ ಸದ್ದು ತಟ್ಟೆ ಒಂದು ಸುತ್ತು ಬಂದಾಗಲೆಲ್ಲ ಒಂದೇ ಲೆಕ್ಕದಲ್ಲಿ ಬೀಳುತ್ತದೆ. ಇದು ಹಾಗಿರಲಿಲ್ಲ, ಇದರಲ್ಲಿ ಹೆಬ್ಬೆರಳಿತ್ತು, ಹಿಮ್ಮಡಿಯಿತ್ತು, ಜಾರಿಸಿದ ಅಟ್ಟೆಯಿತ್ತು. ಮೊದಲ ದಿನವೇ ಕಿವಿಗೊಟ್ಟಿದ್ದರೆ ಮಗುವಿಗೂ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಮುಳ್ಳು ಚಕ್ಕೆಗೆ ಸಿಕ್ಕಿ ಚಂಗನೆ ಹಾರಿತು.

ಮ್ಯಾನೇಜರ್‌ಗೆ ಆ ದಿನವೇ ಹೇಳಿದೆ. ಅವರು ಕೂಗಾಡಲಿಲ್ಲ. ನಾನು ಇತರರಿಗೆ ಕಲಿಸುತ್ತಿದ್ದ ಕಟ್ಟಳೆಯನ್ನು ನನ್ನ ಬಾಯಿಂದಲೇ ಹೇಳಿಸಿದರು. ಆಮೇಲೆ ಅಜ್ಜಿಗೆ ಏನು ಹೇಳುತ್ತೀಯ ಎಂದು ಕೇಳಿದರು. ವಾರ ಕಳೆಯುವುದರೊಳಗೆ ಹೋಗುತ್ತೇನೆ ಎಂದೆ.

ಮನೆಯಲ್ಲಿ ನನ್ನ ಹೆಂಡತಿ ಶನಿವಾರಗಳಲ್ಲಿ ನಮ್ಮವರ ಮಕ್ಕಳಿಗೆ ಭರತನಾಟ್ಯ ಕಲಿಸುತ್ತಾಳೆ. ಧಾರವಾಡದವಳು. ಆ ಕೆಲವು ಸೆಕೆಂಡುಗಳನ್ನು ಅವಳಿಗೆ ಕೇಳಿಸಿದೆ. ಎರಡು ಸಲ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಸಣ್ಣ ಹುಡುಗಿ ಅಲಾ? ಹೆದರ್ಯಾಳ್ರೀ. ತಾಳ ಬಿಟ್ಟು ಹಿಂದ ಬಿದ್ದಾಳ, ಹಿಡೀಲಿಕ್ಕೆ ಓಡಾಕತ್ತಾಳ."

ಹೌದು. ಪ್ರತಿ ಏಟೂ ಬ್ಯಾಂಡಿಗಿಂತ ಒಂದು ಕೂದಲೆಳೆ ತಡವಾಗಿ ಬೀಳುತ್ತಿತ್ತು. ನಾನು ಗಮನಿಸಿರಲಿಲ್ಲ. ಅವಳಿಗೆ ಅದೇನೂ ದೊಡ್ಡ ಸಂಗತಿಯಲ್ಲ. ಮಕ್ಕಳ ಕಾರ್ಯಕ್ರಮದಲ್ಲಿ ಒಂದು ಮಗು ಹಿಂದೆ ಬಿದ್ದರೆ ಟೀಚರು ತಟ್ಟುಮಣೆಯ ಮೇಲಿನ ಕೋಲಿನ ಏಟನ್ನೇ ಸ್ವಲ್ಪ ತಡಮಾಡಿ ಮಗುವನ್ನು ಕಾಪಾಡುತ್ತಾರೆ. ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಇಲ್ಲೂ ಹಾಗೇ ಮಾಡೋಣ ಎಂದಳು. ಸಿಕ್ಕ ಏಟುಗಳನ್ನು ನಾನು ಕಂಪ್ಯೂಟರಿನಲ್ಲಿ ತುಸು ಮುಂದಕ್ಕೆ ಜರುಗಿಸುವುದು, ಕಳೆದುಹೋದದ್ದನ್ನು ಅವಳು ಕೋಲಿನಿಂದ ನುಡಿಸುವುದು.

"ಅಜ್ಜಿ ಖುಷಿಯಿಂದ ಹೋಗ್ಲಿ ಬಿಡ್ರಿ" ಎಂದಳು. "ಯಾರಿಗೆ ಏನ್ ನಷ್ಟ?"

ಒಪ್ಪಿದೆ. ಗ್ಯಾರೇಜಿನಲ್ಲಿ ಪ್ಲೈವುಡ್ ಹಾಸಿ, ಅವಳು ಕೋಲಿನಿಂದಲೂ, ಬೆರಳಿಗೆ ಸಿಕ್ಕಿಸಿಕೊಂಡ ನಾಣ್ಯಗಳಿಂದಲೂ ತಟ್ಟಿದಳು. ನಾನು ಮೈಕು ಹಿಡಿದೆ. ಹಲಗೆಯ ಸದ್ದು ತುಂಬಿ ಬರಲೆಂದು ಮೈಕನ್ನು ಕೆಳಗೆ, ಇನ್ನೂ ಕೆಳಗೆ ಇಳಿಸುತ್ತಾ ಹೋಗಿ, ಕೊನೆಗೆ ನಾನೂ ಹೊಟ್ಟೆಯ ಮೇಲೆ ಮಲಗಬೇಕಾಯಿತು. ಸಿಮೆಂಟಿನ ತಣ್ಣನೆ ಅಂಗಿಯೊಳಗೆ ಇಳಿಯಿತು. ಕೈ ನಡುಗದಂತೆ ಮೊಣಕೈ ನೆಲಕ್ಕೆ ಊರಿದೆ. ಅವನೂ ಹೀಗೇ ಮಲಗಿದ್ದ, ತುಂಬಿದ ಸಭೆಯ ಮುಂದೆ, ನಗಿಸಿಕೊಂಡು, ಒಂದು ಹುಡುಗಿಯ ಕಾಲಿನ ಸದ್ದು ಕಳೆದುಹೋಗಬಾರದೆಂದು. ಅವನ ಬಗ್ಗೆ ನಾನು ಹೇಳಿ ಬಂದದ್ದು ನೆನಪಾಗಿ ತಲೆ ಎತ್ತಲಾಗಲಿಲ್ಲ.

ಮುಗಿಸಿ, ಬ್ಯಾಂಡಿನ ಜೊತೆ ಕೂಡಿಸಿ ಕೇಳಿದೆ. ಬಹಳ ಚೆನ್ನಾಗಿ ಬಂದಿತ್ತು. ಎಲ್ಲೂ ತಡವಿಲ್ಲ, ತೊಡಕಿಲ್ಲ. ಮತ್ತೆ ಅದೇ ಕೆಲಸ ಮಾಡಿದ್ದೆ. ನನ್ನ ಕಿವಿಗೆ ಬೇಡವಾದದ್ದನ್ನು ಒರೆಸಿ, ಬೇಕಾದದ್ದನ್ನು ಅಲ್ಲಿ ಕೂರಿಸಿದ್ದೆ. ಇದನ್ನು ಅಜ್ಜಿಯ ಕಿವಿಗೆ ಹಾಕಲಾರೆ ಎಂದು ಹೆಂಡತಿಗೆ ಹೇಳಿದೆ. ಅವಳಿಗೆ ಸಿಟ್ಟು ಬಂತು. ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ಆ ಜೀವಕ್ಕೆ ಬೇಜಾರು ಯಾಕೆ ಮಾಡುತ್ತೀರಿ ಎಂದು ಕೇಳಿದಳು. ಆದರೂ ಅದನ್ನು ಅಳಿಸಿದೆ. ಇದ್ದ ಹಾಗೆಯೇ, ಬಿರುಕಿನ ಸದ್ದು ಸಮೇತ, ಆ ಕೆಲವು ಸೆಕೆಂಡುಗಳನ್ನು ತೆಗೆದುಕೊಂಡು ಹೊರಟೆ.

ಮೊದಲು ಟೆಕ್ನಿಷಿಯನ್‌ನ ಮೊಮ್ಮಗಳಿಗೆ ಫೋನ್ ಮಾಡಿದೆ. ನಿಮ್ಮ ಅಜ್ಜ ಮೈಕನ್ನು ಸರಿಯಾಗಿಯೇ ಹಿಡಿದಿದ್ದರು, ಕೆಡಿಸಿದವನು ನಾನು ಎಂದೆ. ಅವಳು, ಆ ದಿನ ಸಭಾಂಗಣದಲ್ಲಿ ಅಷ್ಟು ಜನರಿದ್ದರಲ್ಲ ಎಂದಳು. ಅವರೆಲ್ಲರಿಗೂ ತಿಳಿಸುತ್ತೇನೆ ಎಂದೆ. ಗ್ರಂಥಾಲಯದ ಫಲಕದಲ್ಲೂ ಊರಿನ ಪತ್ರಿಕೆಯಲ್ಲೂ ಆಮೇಲೆ ಹಾಕಿಸಿದೆ. ಎಷ್ಟು ಜನ ಓದಿದರೋ ಗೊತ್ತಿಲ್ಲ; ಹಾಸ್ಯ ಕೇಳಿ ನಕ್ಕಷ್ಟು ಜನ ಓದಿರಲಾರರು.

ವೃದ್ಧಾಶ್ರಮದಲ್ಲಿ ಅಜ್ಜಿ ಕಿಟಕಿಯ ಪಕ್ಕ ಕೂತಿದ್ದರು, ಮಗಳೂ ಇದ್ದಳು. ಕೂರುವ ಮೊದಲೇ ಹೇಳಿಬಿಟ್ಟೆ. ನಿಮ್ಮ ಕಾಲಿನ ಸದ್ದು ತಟ್ಟೆಯಲ್ಲಿತ್ತು ಆಂಟಿ, ನಾನು ಅದನ್ನು ಕೊಳೆ ಅಂದುಕೊಂಡು ತೆಗೆದುಹಾಕಿದೆ, ಗೊತ್ತಾದ ಮೇಲೂ ನಿಮಗೆ ಸುಳ್ಳು ಹೇಳಿದೆ. ಮಗಳ ಮುಖ ಕೆಂಪಾಯಿತು. ಅಜ್ಜಿ ನನ್ನ ಕೈಯಲ್ಲಿದ್ದ ಹೆಡ್‌ಫೋನ್ ಕಡೆ ಕೈ ಚಾಚಿ, ಕೊಡು ಎಂದರು.

ಅವರ ಕಿವಿಗೆ ಅದನ್ನು ನಾನೇ ಹೊಂದಿಸಿದೆ. ಕೇಳುತ್ತಿದ್ದಂತೆ ಮೊಣಕಾಲ ಮೇಲಿನ ಕಂಬಳಿ ಅಲುಗಿತು. ಮುಗಿಯಿತು. ಮತ್ತೆ ಹಾಕು ಎಂದು ಬೆರಳು ಸನ್ನೆ ಮಾಡಿದರು. ಮತ್ತೆ ಹಾಕಿದೆ. ಮೂರನೆಯ ಸಲ ಕೇಳಿ ಹೆಡ್‌ಫೋನ್ ತೆಗೆದರು.

"ತಡವಾಗಿದ್ದೀನಿ" ಎಂದರು. "ಹೆದರಿಕೆ. ಅವನು ಅಲ್ಲಿ ಮಲಗಿದ್ದನಲ್ಲ, ಕೈ ತುಳಿದುಬಿಡ್ತೀನೇನೋ ಅಂತ."

ಅಜ್ಜಿ ಕಂಬಳಿಯ ಮೇಲೆ ಬೆರಳಿನಿಂದ ಮೆಲ್ಲಗೆ ತಾಳ ಹಾಕಿದರು.

"ಆಮೇಲೆ ತಾಳ ಸಿಕ್ತು. ಕೊನೆಯವರೆಗೂ ಬಿಡಲಿಲ್ಲ. ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಕುಣಿದಿಲ್ಲ." ಹೆಡ್‌ಫೋನನ್ನು ನನ್ನ ಕಡೆ ಚಾಚಿದರು. "ಅದನ್ನ ಹಾಕು."

ಅದು ಇಲ್ಲ, ಉಳಿದಿರುವುದು ಇಷ್ಟೇ ಎಂದೆ. ಅವರಿಗೆ ಅರ್ಥವಾಗಲಿಲ್ಲ ಅಂತ ಮಗಳು ಇನ್ನೊಮ್ಮೆ ಜೋರಾಗಿ ಹೇಳಿದಳು. ಅಜ್ಜಿ ನನ್ನನ್ನೂ ಮಗಳನ್ನೂ ನೋಡಿದರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ, ಅದು ಬರಲಿಲ್ಲ. ಅವರು ಮಗಳ ಕಡೆಗೆ ತಿರುಗಿ, ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದ ಮಗುವಿನ ದನಿಯಲ್ಲಿ, ನಿಜವಾಗಿಯೂ ಆಮೇಲೆ ಸರಿಯಾಗಿ ಕುಣಿದಿದ್ದೆ ಕಣೇ, ಎಂದರು. ಮಗಳು ಹೌದಮ್ಮ, ಹೌದು ಎಂದಳು. ಅವಳು ಕೇಳಿದವಳಲ್ಲ. ಕೇಳಬಹುದಾಗಿದ್ದವರಲ್ಲಿ ಬದುಕಿ ಉಳಿದವನು ನಾನೊಬ್ಬನೇ, ಆ ಸದ್ದು ತಟ್ಟೆಯಿಂದ ಎದ್ದು ಬಂದಾಗ ಗುಂಡಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದವನು. ಅಜ್ಜಿ ನನ್ನ ಮುಖ ನೋಡಿದರು, ನಾನು ಹೌದೆನ್ನಲಿ ಎಂದು ಕಾಯುತ್ತಿದ್ದರು. ನಾನು ಕೇಳಿಸಿಕೊಂಡೇ ಇರಲಿಲ್ಲ.